ಮಾಡು ಮೊದಲು, ಗೋಡೆ ಆಮೇಲೆ

ಕಾರವಾರದಿಂದ ಭಟ್ಕಳದ ತನಕ ತಾರಸಿ ಮನೆಗಳ ತಲೆಯ ಮೇಲೆ ತಗಡಿನ ಚಪ್ಪರ ಎದ್ದಿರುವುದು ನೋಡಿದ್ದೀರಲ್ಲ? ವರ್ಷಕ್ಕೆ 3000 ಮಿ.ಮೀ. ಆಸುಪಾಸು ಸುರಿಯುವ ಊರಲ್ಲಿ ಸ್ಲ್ಯಾಬ್ ಸೋರಿತು, ಮೇಲೆ ಶೀಟು ಬಂತು. ಒಂದು ಮನೆಗೆ ಎರಡು ಮಾಡಿನ, ಅಂದರೆ ಎರಡು ಛಾವಣಿಯ, ಖರ್ಚು! ಕೈ ಬಿಗಿ ಇರುವವರು ನಕ್ಷೆಯಲ್ಲಿ ಮೊದಲು ಮಾಡನ್ನೇ ಗೀಚಬೇಕು.

ಹಂಚಿನ ಮಾಡಿಗೆ ಇಳಿಜಾರು 30 ಡಿಗ್ರಿಗಿಂತ ಇಳಿಯದಿರಲಿ. 20 ಅಡಿ ಅಗಲದ ಮನೆಗೆ ನೆತ್ತಿ, ಗೋಡೆಯ ತಲೆಯಿಂದ 5 ಅಡಿ 9 ಇಂಚು ಮೇಲಿರಬೇಕು. ಇಳಿಜಾರು ಸಾಲದಿದ್ದರೆ ಗಾಳಿ ನೀರನ್ನು ಹಂಚಿನ ಸಂದಿಯೊಳಗೆ ಹಿಂದಕ್ಕೆ ನುಗ್ಗಿಸುತ್ತದೆ. 100 ಚದರಡಿ ಮಾಡಿಗೆ ಮಂಗಳೂರು ಹಂಚು ಸುಮಾರು 140 ಬೇಕು. ಲೆಕ್ಕ ಇಳಿಜಾರಿನ ಮೇಲಿನದು, ನೆಲದ್ದಲ್ಲ. ಹಳೆ ಹಂಚು ಅಗ್ಗ, ಆದರೆ ಕಾರ್ಖಾನೆಗೊಂದು ಅಳತೆ. ಮಗುಚಿ ಅಚ್ಚಿನ ಹೆಸರು ನೋಡಿ ಬೇರೆಬೇರೆ ರಾಶಿ ಹಾಕಿ. ನಾಲ್ಕು ಹಂಚು ಜೋಡಿಸಿ ಅಳೆದ ಮೇಲೆಯೇ ರೀಪು (ಹಂಚು ಕೂರುವ ಪಟ್ಟಿ) ಹೊಡೆಯಿರಿ.

ಮಾಡಿನ ಚೌಕಟ್ಟಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬಳಸಿದರೆ ಬೆಸುಗೆ ಹಾಕಿದಲ್ಲಿ ಸತು ಸುಟ್ಟುಹೋಗಿರುತ್ತದೆ, ಉಪ್ಪುಗಾಳಿಯ ತುಕ್ಕು ಅಲ್ಲಿಂದಲೇ ಶುರು. ಕೆರೆದು ಸತುವಿನ ಪ್ರೈಮರ್ ಎರಡು ಕೈ ಬಳಿಯಿರಿ, ಪೈಪಿನ ಬಾಯಿ ಮುಚ್ಚಿ.

ಸೂರು 3 ಅಡಿ ಹೊರಚಾಚಲಿ. ನೈಋತ್ಯದ ಇರಚಲಿಗೆ ಪಶ್ಚಿಮದ ಜಗಲಿಯೇ ಮದ್ದು. ಶಿರಸಿ ಕಡೆಯವರ ಹಾಗೆ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರೂ ನಾಚಿಕೆಯೇನಿಲ್ಲ.

ಇಷ್ಟು ಸರಿಯಾದರೆ 9 ಇಂಚಿನ ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಗಿಲಾಯಿ, ಅಂದರೆ ಪ್ಲಾಸ್ಟರ್, ಬೇಡ. ನಿಜವಾದ ಉಳಿತಾಯ ಇಲ್ಲಿ. ಕಡಿದ ಕೂಡಲೇ ತಂದ ಕಲ್ಲು ಮೆತ್ತಗಿರುತ್ತದೆ, ತಿಂಗಳೆರಡು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಬಿಳಿ ಜೇಡಿಯ ಗಂಟು ಕಂಡ ಕಲ್ಲನ್ನು ವಾಪಸ್ ಕಳಿಸಿ: ಮಳೆಗೆ ಜೇಡಿ ತೊಳೆದುಹೋಗಿ ತೂತು ಉಳಿಯುತ್ತದೆ. ಕಟ್ಟುವ ಮುಂಚೆ ಕಲ್ಲು ನೆನೆಸಿ, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದು ಕುಡಿಯುತ್ತದೆ. ಗಾರೆ 1:6 ಸಾಕು, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಅಳಿವೆಯ ಮರಳು ಮಾತ್ರ ಬೇಡವೇ ಬೇಡ, ಉಪ್ಪು ಹೂ ಬಿಡುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ಪಂಚಾಂಗ (ಗೋಡೆಯ ಕೆಳಗಿನ ಅಡಿಪಾಯ) ಕರಿಕಲ್ಲಿನದು, ನೆಲದಿಂದ 2 ಅಡಿ ಎತ್ತರ. ಸೂರುನೀರು ಬೀಳುವ ಗೆರೆಗುಂಟ ಒಂದಡಿ ಅಗಲ ಅಗೆದು ಜಲ್ಲಿ ತುಂಬಿ, 100 ಅಡಿಗೆ 1 ಅಡಿ ಇಳಿಜಾರಿನಲ್ಲಿ ತೆಂಗಿನ ಬುಡದತ್ತ ಹರಿಸಿ. ಜಲ್ಲಿ ಇಲ್ಲದಿದ್ದರೆ ಮೊದಲ ಮಳೆಗೇ ಕೆಂಪು ರಾಡಿ ಕಿಟಕಿಯ ತನಕ ಚಿಮ್ಮಿರುತ್ತದೆ.