ಟ್ಯೂಷನ್ ಕೋಣೆಯ ಗಾಳಿ: ನಾನು ಅಳೆದಿದ್ದು, ಬದಲಿಸಿದ್ದು

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಬೇಸಿಗೆಯಲ್ಲಿ ಎಸಿ ಇಲ್ಲದೆ ಕೂರಲು ಆಗುವುದಿಲ್ಲ. ಎಸಿ ಹಾಕಿದರೆ ಕಿಟಕಿ ಮುಚ್ಚಬೇಕು. ಸ್ವಲ್ಪ ಹೊತ್ತಿಗೆ ಮಕ್ಕಳಿಗೆ ಆಕಳಿಕೆ ಶುರು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಒಳಗಿದ್ದ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಅಷ್ಟೆ.

ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದೆ. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲವನ್ನೇ ಅಳೆಯುವಂಥದ್ದು) ಇದೆಯಾ ಅಂತ ನೋಡಿ. ಅಗ್ಗದ ಕೆಲವು ಮೀಟರ್‌ಗಳು ಬೇರೆ ಅನಿಲ ಅಳೆದು, ಸುಮ್ನೆ ಅಂದಾಜಿನ ಸಂಖ್ಯೆ ತೋರಿಸುತ್ತವೆ. ಮೊದಲು ತಾರಸಿಯ ಮೇಲಿಟ್ಟೆ. 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಆಸುಪಾಸು ಬಂತು, ಹೊರಗಿನ ಗಾಳಿಗೆ ಅದು ಸರಿಯಾಗಿತ್ತು. ಒಳಗೆ ಮಕ್ಕಳ ಮುಖದಿಂದ ದೂರ ಇಟ್ಟೆ. ನಾವು ಬಿಡುವ ಉಸಿರಲ್ಲೇ ಸುಮಾರು 40,000 ಪಿಪಿಎಂ ಇರುತ್ತದೆ.

ಹದಿನೆಂಟು ಮಕ್ಕಳು, 12 ಅಡಿಗೆ 15 ಅಡಿ ಕೋಣೆ. ಇಪ್ಪತ್ತು ನಿಮಿಷಕ್ಕೆ ಮೀಟರ್ 2000 ದಾಟಿತು.

ಜರ್ಮನಿಯ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಕೋಣೆಯ ಗಾಳಿಗೆ 1000 ಪಿಪಿಎಂ ಮಿತಿ ಹೇಳಿದ್ದರು. ಆ ಮಟ್ಟದಲ್ಲಿ ಈ ಅನಿಲವೇ ವಿಷ ಅಂತಲ್ಲ. ಮೈಯಿಂದ, ಉಸಿರಿಂದ ಬರುವ ಉಳಿದದ್ದೆಲ್ಲ ಕೋಣೆಯಲ್ಲಿ ಎಷ್ಟು ತುಂಬಿದೆ ಅನ್ನುವುದಕ್ಕೆ ಅದು ಗುರುತು.

ಗಾಳಿ ಎಷ್ಟು ಬದಲಾಗುತ್ತದೆ ಅಂತ ತಿಳಿಯಲು ಸುಲಭದ ದಾರಿ ಇದೆ. ಮಕ್ಕಳು ಹೋದ ಮೇಲೆ ಕೋಣೆ ಮುಚ್ಚಿ, ಒಳಗಿನ ಗಾಳಿ ಬೆರೆಯಲು ಸೀಲಿಂಗ್ ಫ್ಯಾನ್ ಹಾಕಿ ಬಿಡಿ. ಮೀಟರಿನ ಸಂಖ್ಯೆಯಲ್ಲಿ ಹೊರಗಿನ ಗಾಳಿಯ 420 ಕಳೆಯಿರಿ. ಉಳಿದದ್ದು 1600 ಅಂದುಕೊಳ್ಳಿ. ಅದು ಅದರ 37 ಶೇಕಡಕ್ಕೆ, ಅಂದರೆ ಸುಮಾರು 600ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ, ಒಂದು ಸಲ ಗಾಳಿ ಬದಲಾಗಲು ಅಷ್ಟು ಹೊತ್ತು. ನನ್ನ ಕೋಣೆಗೆ ಎರಡು ಗಂಟೆ ಬೇಕಾಯಿತು. ಎದುರುಬದುರು ಕಿಟಕಿ ತೆಗೆದಾಗ ಏಳೆಂಟು ನಿಮಿಷ ಸಾಕಾಯಿತು!

ಕಿಟಕಿ ತೆಗೆದ ಮೇಲೆ ಇನ್ನೊಂದು ಲೆಕ್ಕ ಇದೆ. ಹೊರಗಿನ ಗಾಳಿಯ ಜೊತೆ ಓಝೋನ್ ಬರುತ್ತದೆ, ಶ್ವಾಸಕೋಶವನ್ನು ಕೆರಳಿಸುವ ಅನಿಲ ಅದು. ವಾಹನದ ಹೊಗೆಗೆ ಬಿಸಿಲು ಬಿದ್ದು ಅದು ಹುಟ್ಟುವುದರಿಂದ ಮಧ್ಯಾಹ್ನ ಜಾಸ್ತಿ, ಬೆಳಗಿನ ಜಾವ ಕಡಿಮೆ. ಒಳಗೆ ಬಂದ ಓಝೋನ್ ನಮ್ಮ ಚರ್ಮದ ಎಣ್ಣೆಯ ಜೊತೆ ಸೇರುತ್ತದೆ. ಅದರಲ್ಲಿರುವ ಸ್ಕ್ವಾಲೀನ್ ಎಂಬ ಅಣುವಿಗೆ ಆರು ದ್ವಿಬಂಧಗಳು (ಎರಡು ಕಾರ್ಬನ್ ನಡುವಿನ ಜೋಡಿ ಬಂಧ), ಓಝೋನ್ ಅವನ್ನೇ ಮುರಿಯುತ್ತದೆ. ಅಸಿಟೋನ್, 6-ಎಂಎಚ್ಒ ಥರದ, ಆವಿಯಾಗುವ ಸಣ್ಣ ಅಣುಗಳು ಗಾಳಿಗೆ ಬರುತ್ತವೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹೆಚ್ಚಾಗಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಇಂಥ ದ್ವಿಬಂಧ ಇಲ್ಲದ್ದು, ಅದರ ತಂಟೆಗೆ ಓಝೋನ್ ಅಷ್ಟಾಗಿ ಹೋಗುವುದಿಲ್ಲ. ನನ್ನ ಕೋಣೆಯ ಹಿಂದಿನ ಗೋಡೆಯಲ್ಲಿ ಮಕ್ಕಳು ತಲೆ ಒರಗಿಸಿ ಒರಗಿಸಿ ಸಾಲಾಗಿ ಕಂದು ಕಲೆಗಳಾಗಿವೆ. ಮಕ್ಕಳು ಮನೆಗೆ ಹೋದ ಮೇಲೂ ಅಲ್ಲಿ ಅಂಟಿದ ಚರ್ಮದ ಎಣ್ಣೆ ಓಝೋನ್ ಜೊತೆ ವರ್ತಿಸುತ್ತಲೇ ಇರುತ್ತದೆ. ದ್ವಿಬಂಧದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸ್ಟೀಲ್ ಕೋಣೆಯಲ್ಲಿ ನಾಲ್ಕು ನಾಲ್ಕು ಜನರನ್ನು ಕೂರಿಸಿ ಓಝೋನ್ ಬಿಟ್ಟು ಅಳೆದಿದ್ದಾರೆ. ಸಿಕ್ಕ ಅಣುಗಳ ಜೊತೆ ಥಟ್ಟನೆ ವರ್ತಿಸುವ, ಜನರ ಸುತ್ತಲೇ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ ಅಂತ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಓದಿದ ದಿನವೇ ಮಕ್ಕಳಿಗೆ ಹೇಳಿದೆ.

ಇಷ್ಟು ತಿಳಿದ ಮೇಲೆ ದೊಡ್ಡ ಬ್ಯಾಚನ್ನು ಬೆಳಿಗ್ಗೆ ಆರೂವರೆಗೆ ಹಾಕಿದೆ, ಕಿಟಕಿ ಪೂರ್ತಿ ತೆಗೆದು. ನಿಂಬೆ ವಾಸನೆಯ ಕ್ಲೀನರ್‌ನಿಂದ ಮಧ್ಯಾಹ್ನ ನೆಲ ಒರೆಸುವುದನ್ನು ನಿಲ್ಲಿಸಿದೆ. ಅದಕ್ಕೆ ವಾಸನೆ ಕೊಡುವ ಲಿಮೊನೀನ್ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಮತ್ತು ತೀರಾ ಸಣ್ಣ ಕಣಗಳು ಹುಟ್ಟುತ್ತವೆ. ವಾಸನೆ ತೆಗೆಯಲು ಓಝೋನ್ ಬಿಡುವ ಯಂತ್ರ ಹಾಕಿಸಿ ಎಂದು ಪೋಷಕರೊಬ್ಬರು ಹೇಳಿದ್ದರು. ಖಂಡಿತ ಬೇಡ ಸರ್ ಅಂದೆ.

ಮಧ್ಯಾಹ್ನದ ಬ್ಯಾಚ್ ಈಗ ಹತ್ತೇ ಮಕ್ಕಳದ್ದು. ಎಸಿ ಜೊತೆ ಎಕ್ಸಾಸ್ಟ್ ಫ್ಯಾನ್ ಓಡುತ್ತದೆ, ಎದುರಿನ ಬಾಗಿಲು ಒಂದು ಗೇಣು ತೆರೆದಿರುತ್ತದೆ. ಕರೆಂಟ್ ಬಿಲ್ ಸ್ವಲ್ಪ ಏರಿದೆ. ಮೀಟರ್ 1200 ದಾಟುವುದು ಅಪರೂಪ. ದಾಟಿದರೆ ಪಾಠ ನಿಲ್ಲಿಸಿ ಕಿಟಕಿ ತೆಗೆಯುತ್ತೇವೆ.