ಮನಿ ಪ್ಲಾಂಟ್: ಗೆಣ್ಣು ನೋಡಿ ಕತ್ತರಿಸಿ

ಮನಿ ಪ್ಲಾಂಟ್‌ನಲ್ಲಿ ಹೊಸ ಚಿಗುರು ಹೊರಡುವುದು ಗೆಣ್ಣಿನಿಂದ, ಅಂದರೆ ಬಳ್ಳಿಗೆ ಎಲೆ ಕೂಡುವ ಗಂಟಿನಿಂದ ಮಾತ್ರ. ಬರೀ ಎಲೆಯನ್ನು ತೊಟ್ಟಿನ ಸಮೇತ ನೀರಿಗಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿಯಾಗುವುದಿಲ್ಲ. ಬಿತ್ತನೆ ಕಬ್ಬಿನಲ್ಲಿ ಕಣ್ಣು ನೋಡುವ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲೆಯ ಬುಡದಲ್ಲಿ ಕಂದು ಬಣ್ಣದ ಸಣ್ಣ ಮೊನೆ ಕಾಣುತ್ತದಲ್ಲ, ಅದು ಗಾಳಿಬೇರು. ಅದರಿಂದ 1 ಸೆಂ.ಮೀ. ಕೆಳಗೆ ಚೂಪಾದ ಕತ್ತರಿಯಲ್ಲಿ ಕತ್ತರಿಸಿ. ತುಂಡಿಗೆ 2-3 ಗೆಣ್ಣಿರಲಿ. ಕೆಳಗಿನ ಎಲೆ ತೆಗೆದು, ಕೆಳಗಿನ ಗೆಣ್ಣು ಮುಳುಗುವಂತೆ ನೀರಿಗಿಡಿ. ಮುಳುಗಿದ ಎಲೆ ಕೊಳೆತು ನೀರು ನಾರುತ್ತದೆ. ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಿ, 4 ದಿನಕ್ಕೊಮ್ಮೆ ಬದಲಾಯಿಸಿ. 2-3 ವಾರದಲ್ಲಿ ಬೇರು ಬರುತ್ತದೆ. ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಇನ್ನೂ ನಿಧಾನ.

ಬೇರು 5 ಸೆಂ.ಮೀ. ಆದಾಗ ಕುಂಡಕ್ಕೆ: ಕೆಂಪು ಮಣ್ಣು 2 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1, ಎರೆಗೊಬ್ಬರ 1. ಅಡಿಯಲ್ಲಿ ತೂತು ಇರಲೇಬೇಕು. ಹೆಚ್ಚಿನ ಗಿಡಗಳನ್ನು ಕೊಲ್ಲುವುದು ಅತಿ ನೀರು. ಬೆರಳು ಚುಚ್ಚಿ ನೋಡಿ, ಬೆರಳಿನ ಎರಡು ಗೆಣ್ಣಿನಷ್ಟು ಆಳ ಒಣಗಿದ್ದರೆ ಮಾತ್ರ ನೀರು ಹಾಕಿ. ಮಣ್ಣು ಒದ್ದೆಯಿದ್ದೂ ಎಲೆ ಹಳದಿಯಾಗುತ್ತಿದ್ದರೆ ಬೇರು ಕೊಳೆಯುತ್ತಿರಬಹುದು: ಕಿತ್ತು, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಹೊಸ ಮಣ್ಣಲ್ಲಿ ನೆಡಿ.

ಏಪ್ರಿಲ್‌ನ ನೇರ ಬಿಸಿಲು ಎಲೆ ಸುಡುತ್ತದೆ. ಕತ್ತಲೆ ಮೂಲೆಯಲ್ಲಿ ಹಳದಿ ಪಟ್ಟೆ ಮಾಸುತ್ತದೆ. ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಎತ್ತರಕ್ಕೆ ತೂಗುಹಾಕಿ, ಎಲೆ ಜಗಿದರೆ ಬಾಯಿ ಉರಿದು ಊದುತ್ತದೆ.