ಹಸುವಿನ ಅಳತೆಯ ರಸ್ತೆ: ‘ಬೋಹರ್’ ಪದದ ಬೆನ್ನು ಹತ್ತಿ

ಡಬ್ಲಿನ್‌ನಲ್ಲಿ ಕೆಲಸಕ್ಕಿರುವ ನನಗೆ ಐರಿಶ್ ಭಾಷೆ ಪರಿಚಯವಾಗಿದ್ದು ಬೀದಿ ಫಲಕಗಳಿಂದ. ಇಂಗ್ಲಿಷಿನಲ್ಲಿ ‘ರೋಡ್’ ಎಂದಿರುವ ಕಡೆ ಐರಿಶ್‌ನಲ್ಲಿ ಹೆಚ್ಚಾಗಿ ‘ಬೋಹರ್’ ಇರುತ್ತದೆ. ಬರೆಯುವಾಗ ನಡುವೆ ಟಿ, ಎಚ್ ಎರಡೂ ಬರುತ್ತವೆ. ಬಾಯಲ್ಲಿ ಉಳಿಯುವುದು ಹಕಾರ ಮಾತ್ರ. ಪದಗಳ ಮೂಲ ಕೆದಕುವುದು ನನ್ನ ಹಳೆಯ ಚಟ, ಇದನ್ನೂ ಬಿಡಲಿಲ್ಲ.

1977ರಲ್ಲಿ ಬಂದ ಓ ಡೋನಲ್ ನಿಘಂಟಿನಿಂದ ಇಂದಿನ ಅರ್ಥ ಸಿಕ್ಕಿತು: ರಸ್ತೆ. ಹಳೆಯದಕ್ಕೆ ರಾಯಲ್ ಐರಿಶ್ ಅಕಾಡೆಮಿಯ ದೊಡ್ಡ ನಿಘಂಟೇ ಗತಿ. ಅದರ ಮೊದಲ ಸಂಚಿಕೆ 1913ರದು, ಕೊನೆಯದು 1976ರದು; ಈಗ ಪೂರ್ತಿ ಅಂತರ್ಜಾಲದಲ್ಲಿ ಉಚಿತವಾಗಿದೆ. ಇಂಥ ನಿಘಂಟಿನಲ್ಲಿ ನಾನು ಅರ್ಥಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ಉದಾಹರಣೆ ವಾಕ್ಯಗಳ ಮೇಲೆ. ಪದ ಯಾರ ಬಾಯಲ್ಲಿತ್ತು, ಯಾವ ಕೆಲಸಕ್ಕೆ ಬರುತ್ತಿತ್ತು ಎನ್ನುವುದು ಗೊತ್ತಾಗುವುದು ಅಲ್ಲೇ.

ಆ ಜಾಡು ಕಾರ್ಮಾಕ್‌ನ ಹೆಸರಿನಲ್ಲಿರುವ ಪದಕೋಶಕ್ಕೆ ಒಯ್ದಿತು. ಕ್ಯಾಶೆಲ್‌ನ ರಾಜನೂ ಬಿಷಪ್ಪನೂ ಆಗಿದ್ದ ಈತ 908ರಲ್ಲಿ ಯುದ್ಧದಲ್ಲಿ ಸತ್ತ. ನಮ್ಮ ಪಂಪ ಇನ್ನೂ ಹುಡುಗನಾಗಿದ್ದ ಕಾಲ. ದಾರಿಗಳಲ್ಲಿ ಎಷ್ಟು ಬಗೆ ಎಂದು ಹೇಳುತ್ತ ಆ ಕೋಶ ಬೋಹರ್‌ಗೂ ಅಳತೆ ಕೊಡುತ್ತದೆ. ಎರಡು ಹಸು ಹಿಡಿಸಬೇಕು, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಜೊತೆಗೆ ಅವುಗಳ ಕರುಗಳೂ ಪಕ್ಕದಲ್ಲೇ ಹಿಡಿಸಬೇಕು, ಏಕೆಂದರೆ ಕರು ಹಿಂದುಮುಂದಾದರೆ ಹಿಂದಿನ ಹಸು ಮುಂದಿನ ಕರುವನ್ನು ಹಾಯುತ್ತದೆ. ದನ ಹೊಡೆದವನಿಗಲ್ಲದೆ ಇನ್ಯಾರಿಗೆ ಇದು ಹೊಳೆದೀತು! ‘ಸ್ಲೀ’ ಎಂಬ ಹೆದ್ದಾರಿಗೆ ಮಾತ್ರ ರಥಗಳ ಅಳತೆ.

‘ಬೋ’ ಎಂದರೆ ಹಸು. ಬೋಹರ್, ಹಸು ನಡೆಯುವ ದಾರಿ. ಆದರೆ ಪದಕೋಶ ಹೇಳಿದ ಮಾತ್ರಕ್ಕೆ ನಂಬುವಂತಿಲ್ಲ, ಹಳಬರು ಪದ ಒಡೆದು ಕಥೆ ಕಟ್ಟುವುದರಲ್ಲಿ ನಿಸ್ಸೀಮರು. ಧ್ವನಿ ನಿಯಮಕ್ಕೆ ಒರೆ ಹಚ್ಚಿ ನೋಡಬೇಕು. ಐರಿಶ್‌ಗೂ ಸಂಸ್ಕೃತಕ್ಕೂ ತಾಯಿಯಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ‘ಗ್ವ’ ಐರಿಶ್‌ನಲ್ಲಿ ಬಕಾರವಾಯಿತು. ಸಂಸ್ಕೃತದಲ್ಲಿ ಗಕಾರ, ಕೆಲವು ಸ್ವರಗಳ ಮುಂದೆ ಜಕಾರ. ಹಾಗಾಗಿ ಅವರ ‘ಬೋ’ ಸಂಸ್ಕೃತದ ‘ಗೋ’. ಬದುಕಿರುವುದು ಎಂಬರ್ಥದ ‘ಬ್ಯೋ’ಗೆ ನಂಟ ನಮ್ಮ ‘ಜೀವ’. ಹೆಂಗಸು ಎಂಬರ್ಥದ ‘ಬ್ಯಾನ್’ಗೆ ವೇದಗಳ ‘ಜನಿ’. ಒಂದೇ ಜೋಡಿಯಾದರೆ ಆಕಸ್ಮಿಕ ಎನ್ನಬಹುದಿತ್ತು, ಇಲ್ಲಿ ಸಾಲೇ ಇದೆ.

ಈ ಉತ್ಸಾಹದಲ್ಲಿ ಜಾರುವ ಜಾಗವೂ ಒಂದಿದೆ. ಐರ್ಲೆಂಡಿನ ಬಾಯ್ನ್ ನದಿಯನ್ನು ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ‘ಬೂವಿಂದ’ ಎಂದು ಬರೆದ. ಕನ್ನಡಿಗನ ಕಿವಿಗೆ ತಕ್ಷಣ ಗೋವಿಂದ! ಮೊದಲ ತುಂಡು ನಿಜಕ್ಕೂ ‘ಗೋ’ದ ನಂಟ. ಆದರೆ ಐರಿಶ್ ಸೇರಿದ ಸೆಲ್ಟಿಕ್ ಭಾಷಾ ಕುಟುಂಬದ ‘ವಿಂದ’ ಎಂದರೆ ಬಿಳಿ. ನದಿಯ ಹೆಸರು ಬಿಳಿ ಹಸು. ಗೋವಿಂದನ ‘ವಿಂದ’ ಪಡೆಯುವವನು, ಹುಡುಕಿಕೊಳ್ಳುವವನು. ಪೂರ್ತಿ ಪದ ಹೊಂದಿದಂತೆ ಕಂಡಾಗ ತುಂಡುಗಳನ್ನು ಬೇರೆಬೇರೆಯಾಗಿ ತೂಗಿ ನೋಡುವುದೇ ಮದ್ದು.

ಇಷ್ಟಕ್ಕೂ ರಸ್ತೆಯನ್ನು ಹಸುವಿನಿಂದ ಅಳೆದದ್ದೇಕೆ? ಹಳೆಯ ಐರ್ಲೆಂಡಿನಲ್ಲಿ ಬೆಲೆಯ ಲೆಕ್ಕವೇ ಹಸುವಿನಲ್ಲಿತ್ತು. ಜಮೀನುಳ್ಳ ಸ್ವತಂತ್ರ ರೈತನನ್ನು ‘ಬೋ’ ಸೇರಿಸಿಯೇ ಕರೆಯುತ್ತಿದ್ದರು. ದನ ಹೊಡೆದುಕೊಂಡು ಹೋಗುವ ದಾಳಿಗಳದ್ದೇ ಅಲ್ಲಿ ಒಂದು ಕಥಾಪ್ರಕಾರ. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳನ್ನು ಊರೂರಲ್ಲಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗ ಎಂಬುದಕ್ಕೆ ಇಂದು ಬಳಸುವ ‘ಬೂಅಖಿಲ್’ ಕೂಡ ಮೂಲದಲ್ಲಿ ತುರುಗಾಹಿಯೇ.

ಪದ ಮಾತ್ರ ಹಸುವನ್ನು ಬಿಟ್ಟು ಬಹಳ ದೂರ ಬಂದಿದೆ. ಚಿಕ್ಕದು ಎನ್ನುವ ‘ಈನ್’ ಪ್ರತ್ಯಯ ಸೇರಿ ಬೋಹರ್ ‘ಬೋರೀನ್’ ಆಯಿತು, ಐರ್ಲೆಂಡಿನ ಇಂಗ್ಲಿಷಿಗೂ ನುಗ್ಗಿತು. ಎರಡು ಬದುಗಳ ನಡುವಿನ ನಮ್ಮ ಓಣಿಯಂಥ ದಾರಿಗೆ ಆ ಹೆಸರು. ರೈಲು ಬಂದ ಮೇಲೆ ಅದರ ಹಳಿದಾರಿಯನ್ನು ‘ಕಬ್ಬಿಣದ ಬೋಹರ್’ ಎಂದೂ ಕರೆದರು.